ತಂಗಿಯ ರಕ್ತ, ಅಜ್ಜಿಯ ತವರು

ನನ್ನ ತಂಗಿಯ ರಕ್ತ ಹೆಪ್ಪುಗಟ್ಟುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೋಸ ಹೋದದ್ದು ಇಲ್ಲೇ. ಗಾಯವಾದರೆ ರಕ್ತ ನಿಲ್ಲುತ್ತದೆ, ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ, ಮರುದಿನ ಮತ್ತೆ ಸುರಿಯತೊಡಗುತ್ತದೆ.

ಹೋದ ವರ್ಷ ಕೋಟೇಶ್ವರದ ಕ್ಲಿನಿಕ್ಕೊಂದರಲ್ಲಿ ಅವಳ ದವಡೆ ಹಲ್ಲು ಕೀಳಿಸಿದಾಗ ಆದದ್ದು ಇದೇ. ಹತ್ತಿ ಕಚ್ಚಿಕೊಂಡು ಬಸ್ಸಿನಲ್ಲಿ ನಗುತ್ತ ಬಂದಳು. ಮರುದಿನ ಮಧ್ಯಾಹ್ನ ಗಂಜಿಗೆ ಕೂತಾಗ ಬಾಯಿ ತುಂಬ ರಕ್ತ. ಹೆಪ್ಪುಗಟ್ಟುವ ಸಮಯದ ಪರೀಕ್ಷೆ ಮಾಡಿಸಿದರೆ ವರದಿ ನಾರ್ಮಲ್. ಡಾಕ್ಟರು ಅವಳಿಗೇ ಗದರಿದರು: “ನಾಲಗೆ ಹಾಕಿ ಕೆದಕಿದ್ದೀ ನೀನು.”

ಚರ್ಚಾ ಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ, ಉತ್ತರ ನಂಬುವ ಮೊದಲು ಪ್ರಶ್ನೆ ಏನಿತ್ತು ಎಂದು ನೋಡುವುದು. ಆ ಪರೀಕ್ಷೆ ಕೇಳಿದ್ದು, ಹೆಪ್ಪು ಕಟ್ಟುತ್ತದೆಯೇ ಎಂದು. ಕಟ್ಟಿದ ಹೆಪ್ಪು ಉಳಿಯುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಕೇಳಿದ್ದು ಬ್ರಹ್ಮಾವರದಾಚೆಯ ದೊಡ್ಡ ಆಸ್ಪತ್ರೆಯಲ್ಲಿ. ಅವಳ ರಕ್ತದ ಹೆಪ್ಪನ್ನು ಯೂರಿಯಾ ನೀರಿನಲ್ಲಿ ಇಟ್ಟರು. ಹೌದು, ಗದ್ದೆಗೆ ಹಾಕುವ ಅದೇ ಯೂರಿಯಾ. ಉಳಿಯಬೇಕಾಗಿದ್ದ ಹೆಪ್ಪು ಕರಗಿಹೋಯಿತು. ಆಮೇಲೆ ಇನ್ನೊಂದು ಪರೀಕ್ಷೆ ಮಾಡಿ ಹೆಸರು ಹೇಳಿದರು: ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹದಿಮೂರನೆಯ ಫ್ಯಾಕ್ಟರ್ ಇವಳಲ್ಲಿ ಇಲ್ಲವೆಂಬಷ್ಟು ಕಡಿಮೆ. ಉಳಿದ ಅಂಶಗಳು ಎಳೆ ನೇಯುತ್ತವೆ, ಇದು ಆ ಎಳೆಗಳನ್ನು ಬಿಗಿದು ಕಟ್ಟುತ್ತದೆ.

ಅಪ್ಪ ದೋಣಿಗೆ ಹೋಗುವವರು, ಬಲೆ ಕಟ್ಟುವವರು. “ಗಂಟ್ ಹಾಕದ್ದೆ ಬಲೆ ಬಿಟ್ಟಂಗೆ ಅಂದೇಳ್” ಎಂದರು. ಅವರ ಮಟ್ಟಿಗೆ ವಿಷಯ ಮುಗಿಯಿತು.

ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಮುಗಿಯಲಿಲ್ಲ. “ಅದೆಲ್ಲ ಅವ್ಳ್ ಅಮ್ಮನ ಬದಿಯಿಂದ ಬಂದದ್ದ್. ಆ ಮನಿಯರ ನೆತ್ರೇ ನೀರ್.” ಈ ಮಾತು ಹೊಸದಲ್ಲ. ತಂಗಿ ತೊಟ್ಟಿಲಲ್ಲಿದ್ದಾಗ, ಹೊಕ್ಕುಳಬಳ್ಳಿ ಉದುರಿದ ಜಾಗದಿಂದ ರಕ್ತ ಜಿನುಗುತ್ತಲೇ ಇತ್ತಂತೆ. ಆಗಲೂ ಅಜ್ಜಿಯ ಕಣ್ಣಿಗೆ ತಪ್ಪಿತಸ್ಥೆ ಅಮ್ಮ: ಬಾಣಂತನದಲ್ಲಿ ಪಥ್ಯ ತಪ್ಪಿಸಿದ್ದಾಳೆ ಎಂದು. ಅಮ್ಮ ಕದ್ದು ಏನು ತಿಂದಿದ್ದಳು? ಅದನ್ನು ಇವತ್ತಿನವರೆಗೆ ಯಾರೂ ಹೇಳಿಲ್ಲ. ಸಾಕ್ಷಿಯಿಲ್ಲದೆ ಶಿಕ್ಷೆ ಮಾತ್ರ ನಡೆಯುತ್ತ ಬಂತು.

ಈ ಕೊರತೆ ಬರಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಕೆಟ್ಟ ಜೀನ್ ಮಗುವಿಗೆ ಸೇರಬೇಕು. ಒಂದೇ ಇದ್ದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ; ಇದೆಯೆಂದೇ ಗೊತ್ತಿರುವುದಿಲ್ಲ. ಇಷ್ಟು ಅಪರೂಪದ್ದು ನಮ್ಮ ಮನೆಯಲ್ಲಿ ಜೋಡಿಯಾದದ್ದು ಹೇಗೆ? ಅಪ್ಪ ಮದುವೆಯಾದದ್ದು ಸೋದರಮಾವನ ಮಗಳನ್ನು. ಅಮ್ಮ ಅಜ್ಜಿಯ ಸ್ವಂತ ಅಣ್ಣನ ಮಗಳು. ಬೈಂದೂರಿನ ಆ ಮನೆ ಅಮ್ಮನಿಗೂ ತವರು, ಅಜ್ಜಿಗೂ ತವರು. ಸಂಬಂಧ ಬಿಟ್ಟುಹೋಗಬಾರದೆಂದು ಹಟ ಹಿಡಿದು ಈ ಮದುವೆ ಮಾಡಿಸಿದ್ದೂ ಅಜ್ಜಿಯೇ.

ಈ ವರ್ಷ ತಂಗಿಯ ಇನ್ನೊಂದು ಬದಿಯ ಹಲ್ಲಿನಲ್ಲಿ ಕೀವಾಯಿತು. ಕೆನ್ನೆ ಊದಿಸಿಕೊಂಡು ಕೂತಿದ್ದಳು. ಅಜ್ಜಿಯ ತೀರ್ಪು ಬಂತು: “ಇಲ್ಲೇ ಹತ್ರ ತೆಗ್ಸಿ. ಕಾಯಿಲಿ ಇತ್ತಂದ್ ಹೇಳೂಕ್ ಹೋಯ್ಬೇಡಿ. ಊರಿಗ್ ಗೊತ್ತಾರೆ ಇವ್ಳನ್ನ ಯಾರ್ ಕಟ್ಕಂತ್ರ್?”

“ಸತ್ ಹೋರೆ ಯಾರ್ ಕಟ್ಕಂತ್ರ್ ಅಜ್ಜಿ?” ಊದಿದ ಬಾಯಲ್ಲೇ ತಂಗಿ ಕೇಳಿದಳು.

ಅಪ್ಪ ಅಜ್ಜಿಯ ಕಡೆ ನೋಡಿದರು. ಆ ನೋಟ ಯಾವ ಕಡೆಗೆ ವಾಲುತ್ತದೆಂದು ನನಗೆ ಗೊತ್ತಿತ್ತು. ಎದ್ದು ನಿಂತೆ.

“ಅಜ್ಜಿ, ಅಮ್ಮನ ಮನಿಯರ ನೆತ್ರ್ ನೀರ್ ಅಂದ್ರಿ. ಆ ಮನಿ ಯಾರದ್ದ್?”

“ಎಂತ ಪ್ರಶ್ನೆ ಅದ್? ನನ್ ಅಣ್ಣಂದ್.”

“ನೀವ್ ಹುಟ್ಟಿದ್ದ್?”

“ಅಲ್ಲೇ.”

“ಹಂಗಾರೆ ನಿಮ್ ಮೈಯಲ್ಲಿ ಹರಿಯೂದ್ ಎಂತ, ಹಾಲಾ?”

“ಹ್ವಾಯ್, ಇವ್ಳನ್ನ ಓದ್ಸಿದ್ದ್ ಹೆಚ್ಚಾಯ್ತ್ ಕಾಣ್!” ಅಜ್ಜಿ ನನ್ನತ್ತ ಬೆರಳು ತೋರಿಸಿ ಅಪ್ಪನ ಕಡೆ ತಿರುಗಿದರು.

ಅಪ್ಪ ಆಗ ಬಾಯಿ ಬಿಟ್ಟರು. “ನಾಳೆ ದೊಡ್ಡ ಆಸ್ಪತ್ರಿಗೇ ಹೋಪ. ಅಬ್ಬಿ, ನೀನೂ ಬಾ” ಎಂದು ತಮ್ಮ ತಾಯಿಯನ್ನೂ ಕರೆದರು.

ಹೋದೆವು. ಡಾಕ್ಟರು ಮನೆತನದ ವಿಚಾರ ಕೇಳಿದರು: ಹಿಂದೆ ಯಾವುದಾದರೂ ಶಿಶುವಿಗೆ ಹೊಕ್ಕುಳಿನಿಂದ ರಕ್ತ ಹೋದದ್ದುಂಟೇ? ಅಪ್ಪ “ಇಲ್ಲೆ” ಎಂದರು. ಅಜ್ಜಿ ಬೇರೆಲ್ಲೋ ನೋಡುತ್ತ ಹೇಳಿದರು: “ಇತ್ತ್. ನನ್ ತಂಗಿಗೆ. ನೆತ್ರ್ ನಿಲ್ಲದ್ದೆ ತೊಟ್ಲಲ್ಲೇ ಹೋದ್ಲ್. ನಮ್ಮಬ್ಬಿ ಪಥ್ಯ ತಪ್ಸಿದ್ದ್ ಅಂದೇಳಿ ಎಲ್ಲರೂ ಬೈದ್ರ್.”

ಅಜ್ಜಿ ಪಾಪ ಎಂದು ನೀವು ಹೇಳಬಹುದು. ನಾನು ಹೇಳುವುದಿಲ್ಲ. ತನ್ನ ತಾಯಿಗೆ ಆ ಸುಳ್ಳು ಹೇಗೆ ಚುಚ್ಚಿತ್ತೆಂದು ಕಣ್ಣಾರೆ ಕಂಡವರು ಅದೇ ಸುಳ್ಳನ್ನು ಎತ್ತಿ ಇನ್ನೊಬ್ಬಳ ಮೇಲೆ ಎಸೆದರು. ಆ ಇನ್ನೊಬ್ಬಳು ಅವರ ಅಣ್ಣನ ಮಗಳೇ. ಗೊತ್ತಿಲ್ಲದೆ ಮಾಡಿದ್ದು ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ದಾನಿಗಳ ರಕ್ತದಿಂದ ಬೇರ್ಪಡಿಸಿದ, ಆ ಫ್ಯಾಕ್ಟರ್ ಇರುವ ಭಾಗವನ್ನು ಮೊದಲು ತಂಗಿಗೆ ಕೊಟ್ಟು, ಆಮೇಲೆ ಹಲ್ಲು ಕಿತ್ತರು. ಮರುದಿನವೂ ಅಲ್ಲೇ ಇಟ್ಟುಕೊಂಡು ನೋಡಿ ಕಳಿಸಿದರು. ಮನೆಗೆ ಬಂದು ಅವಳು ಆರಿದ ಗಂಜಿಗೆ ಕೂತಾಗ ನಾವೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು. “ಬಾಯ್ ತೆರಿ, ಕಾಂಬ” ಎಂದಳು ಅಮ್ಮ. ರಕ್ತವಿರಲಿಲ್ಲ.

ಅಮ್ಮ ಅಜ್ಜಿಯ ಬಟ್ಟಲಿಗೆ ಗಂಜಿ ಬಡಿಸಿದಳು. ಸೌಟು ಕೈಯಲ್ಲಿ ಹಿಡಿದೇ ಹೇಳಿದಳು: “ಅತ್ತೆ, ನಾನ್ ಪಥ್ಯ ತಪ್ಸಲಿಲ್ಲೆ.”

ಅಜ್ಜಿ ಉಪ್ಪು ಕೇಳಿದರು. ಅಮ್ಮ ಸೌಟು ಕೆಳಗಿಡಲಿಲ್ಲ, ಉಪ್ಪನ್ನೂ ಕೊಡಲಿಲ್ಲ.