ಕಂಬಿ ಏರಿದ ತಾಡೋಲೆ ಗಂಟು

ಶ್ರೀಶೈಲದ ಮಲ್ಲಯ್ಯನ ಹಾದಿ ನಡೆದು ಬಂದವರಿಗೂ, ಮುಂದಿನ ಯುಗಾದಿಗೆ ಖಂಡಿತ ನಡೆಯುತ್ತೇನೆಂದು ಪ್ರತಿ ವರ್ಷ ಹೇಳುವವರಿಗೂ ನನ್ನ ಶರಣು. ಆ ಎರಡನೆಯ ಗುಂಪಿನಲ್ಲಿ ನಾನೂ ಇದ್ದೆ.

ನಮ್ಮದು ರಬಕವಿ-ಬನಹಟ್ಟಿಯ ಹತ್ತಿರ, ಕೃಷ್ಣೆಯ ದಂಡೆಯ ನೇಕಾರರ ಊರು. ನಾನು ಮುಧೋಳದಲ್ಲಿ ಹೈಸ್ಕೂಲು ಶಿಕ್ಷಕಿ. ಊರಿನ ಮಲ್ಲಯ್ಯನ ಗುಡಿಯ ಪಕ್ಕದ ಎರಡು ಖೋಲಿಗಳಲ್ಲಿ ಪುಟ್ಟದೊಂದು ವಸ್ತುಸಂಗ್ರಹಾಲಯ ಮಾಡಿದ್ದೆ. ಅಲ್ಲಿದ್ದ ತಾಡೋಲೆ ಗಂಟುಗಳೆಲ್ಲ ಮನೆಮನೆಯ ದೇವರ ಜಗುಲಿಯಿಂದ ಬಂದವು. ಒಂದೊಂದಕ್ಕೂ ಮತ್ತೆ ಮತ್ತೆ ಹೋಗಿ, ಅವರು ಕೊಟ್ಟ ಚಹಾ ಕುಡಿದು ಕುಡಿದು ಪಿತ್ತ ಏರಿಸಿಕೊಂಡು, "ನನ್ನ ಜೀವದಂಗ ಕಾಯ್ತೇನ್ರಿ" ಎಂದು ಮಾತು ಕೊಟ್ಟು ತಂದಿದ್ದೆ. ಕೊಡದೆ ಉಳಿದವಳು ನಮ್ಮ ಓಣಿಯ ಮುದುಕಿ ಕಾಶವ್ವ ಆಯಿ ಒಬ್ಬಳೇ.

"ನಿನ್ನ ಕಪಾಟಿನಾಗ ಇಟ್ಟರ ವಿಭೂತಿ ಯಾರ ಹಚ್ಚತಾರ? ನೀರ ಬಂದರ ಯಾರ ಎತ್ತತಾರ?" ಎನ್ನುತ್ತಿದ್ದಳು.

ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿದ ಮೇಲೆ ಹೊಳೆಯ ಭಯ ನಮಗೆಲ್ಲ ಇದ್ದದ್ದೇ. ಪ್ರವಾಹ ಬಂದರೆ ಏನು ಮಾಡಬೇಕೆಂದು ಮೊದಲೇ ಗೊತ್ತು ಮಾಡಿದ್ದೆ. ಗಂಟುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ದಿನ್ನೆಯ ಮೇಲಿನ ಶಾಲೆಗೆ ಹೊರುವುದು. ಹೊರಲು ಓಣಿಯ ಗಟ್ಟಿ ಗಂಡಸರ ತಂಡ, ಅದಕ್ಕೆ ತಮ್ಮಣ್ಣ ಮುಖಂಡ. ತಂಡದವರೆಲ್ಲ ಕೈಮಗ್ಗದವರು. ಅದರಲ್ಲೇನು ತೊಡಕಿದೆ ಎಂದು ನನಗಾಗಲಿ ಅವರಿಗಾಗಲಿ ಹೊಳೆಯಲೇ ಇಲ್ಲ.

ಆ ವರ್ಷ ಶ್ರಾವಣದಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಒಂದು ಸೋಮವಾರ ಮುಧೋಳದಿಂದ ಮರಳುವಾಗ ಕಂಡಕ್ಟರ್ ನನ್ನ ಸೀಟಿನ ಹತ್ತಿರ ಬಂದು, "ಅಕ್ಕಾರ, ಹೊಳಿ ಏರಾಕತ್ತೈತ್ರಿ. ಬಸ್ ಊರಾಗ ಹೋಗಂಗಿಲ್ಲ, ದಿನ್ನಿ ಮ್ಯಾಲ ಇಳೀರಿ" ಎಂದ. ಎದ್ದೆನೋ ಬಿದ್ದೆನೋ ಎಂದು ಗುಡಿಗೆ ಓಡಿದೆ. ಕೆಳಗಿನ ಓಣಿಗೆ ಆಗಲೇ ನೀರು ಹೊಕ್ಕಿತ್ತು. ಗಂಟುಗಳನ್ನು ಸುತ್ತಿಟ್ಟು ಕಾದೆ. ತಂಡದ ಒಬ್ಬನೂ ಬರಲಿಲ್ಲ.

ತಮ್ಮಣ್ಣನ ಮನೆಗೆ ಹೋದರೆ ಅವನು ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ನಿಂತು, ಮಗ್ಗಕ್ಕೆ ಉದ್ದಕ್ಕೂ ಹೂಡಿದ ಹಾಸಿನ ನೂಲು ಬಿಚ್ಚುತ್ತಿದ್ದ.

"ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ನೀರ ಮನಿಯಾಗ ಬಂದರ ಮೊದಲ ಈ ಕುಣಿಗೇ ಇಳಿತೈತಿ. ಹಾಸು ತೊಯ್ದರ ದೀಪಾವಳಿ ತನಕ ನಾವ ಏನ ತಿನ್ನೂಣು?"

ಪಕ್ಕದ ಮನೆಯಲ್ಲೂ ಅದೇ, ಎದುರು ಮನೆಯಲ್ಲೂ ಅದೇ. ನೇಕಾರರ ಊರಿನಲ್ಲಿ ಕೂತು ನೇಕಾರರೇ ಸೇರಿ ಮಾಡಿದ ತಯಾರಿಯಲ್ಲಿ ಮಗ್ಗವನ್ನೇ ಮರೆತಿದ್ದೆವು.

ಗುಡಿಗೆ ಮರಳಿ ದೇವರ ಮುಂದೆ ಕುಸಿದು ಅತ್ತೆ. "ಮಲ್ಲಯ್ಯಾ, ಇವು ನನ್ನವಲ್ಲಪಾ, ಮಂದಿ ನಂಬಿ ಕೊಟ್ಟವು. ನೀರ ನಿಲ್ಲಸು" ಎಂದು ಬೇಡಿಕೊಂಡೆ. ನೀರು ನಿಲ್ಲಲಿಲ್ಲ. ಗುಡಿಯ ಮೊದಲ ಮೆಟ್ಟಿಲು ಮುಳುಗಿತು.

ಆಗ ಬಂದಳು ಕಾಶವ್ವ ಆಯಿ, ಸೀರೆ ಎತ್ತಿ ಕಟ್ಟಿಕೊಂಡು. "ಆಮ್ಯಾಲ ಅಳುವಂತಿ, ಏಳ ಬೇ" ಎಂದವಳೇ ಗೋಡೆಗೆ ತೂಗುಹಾಕಿದ್ದ ಕಂಬಿಯನ್ನು ನನ್ನಿಂದ ಇಳಿಸಿದಳು. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವವರು ಎರಡೂ ತುದಿಗೆ ದೇವರ ಸಾಮಾನು ಕಟ್ಟಿ ಹೆಗಲ ಮೇಲೆ ಹೊರುವ ಬಿದಿರು ಅದು. ಕಂಬಿ ಓಣಿಗೆ ಬಂದರೆ ನಮ್ಮೂರಲ್ಲಿ ಯಾರೂ ಒಳಗೆ ಕೂರುವಂತಿಲ್ಲ, ಕರೆದರೆ ಹೆಗಲು ಕೊಡಲೇಬೇಕು. ಹೆಗಲಿಗೆ ಬಂದದ್ದನ್ನು ಬಿಡಾರ ಮುಟ್ಟುವ ತನಕ ನೆಲಕ್ಕೆ ಇಡುವಂತಿಲ್ಲ. ಹೆಂಗಸರು ಅದನ್ನು ಹೊರುವ ವಾಡಿಕೆಯಂತೂ ಇಲ್ಲವೇ ಇಲ್ಲ. ಆಯಿ ದೇವರ ಸಾಮಾನಿನ ಜಾಗದಲ್ಲಿ ಎರಡು ತಾಡೋಲೆ ಗಂಟು ಕಟ್ಟಿಸಿ, ತಾನೇ ಹೆಗಲಿಗೇರಿಸಿಕೊಂಡು, ಮೊಣಕಾಲು ನೀರಿನಲ್ಲಿ ಹೊರಟಳು.

"ಕಂಬಿ ಬಂತು! ಹೆಗಲ ಕೊಡ್ರಿ!"

ತಮ್ಮಣ್ಣ ಕೈಯಲ್ಲಿ ನೂಲಿನ ಸುರುಳಿ ಹಿಡಿದೇ ಬಾಗಿಲಿಗೆ ಬಂದ. "ಆಯಿ, ಈ ಹೊತ್ತಿನ್ಯಾಗ ಎಲ್ಲಿ ಕಂಬಿ? ನನ್ನ ಹಾಸು..."

"ನಿನ್ನ ಹಾಸು ಬಿಚ್ಚೂತನಾ ಮಲ್ಲಯ್ಯ ನೀರಾಗ ನಿಂದರಬೇಕೇನಲೇ?"

ಅವನ ಹೆಂಡತಿ ಸುರುಳಿ ಕಸಿದುಕೊಂಡಳು. "ನೀವ ಹೋಗ್ರಿ, ಉಳಿದದ್ದ ನಾ ಸುತ್ತತೇನಿ."

ತಮ್ಮಣ್ಣ ಹೆಗಲು ಕೊಟ್ಟ. ಅದನ್ನು ಕಂಡು ಎದುರು ಮನೆಯವನು ಗುಡಿಗೆ ಓಡಿ ಇನ್ನೊಂದು ಗಂಟು ಹೊತ್ತ, ಅವನ ಹಿಂದೆ ಮತ್ತೊಬ್ಬ. ಮನೆಯೊಳಗೆ ಹೆಂಗಸರು ಹಾಸು ಸುತ್ತಿ ಅಟ್ಟಕ್ಕೆ ಏರಿಸಿದರು. ಗಂಡಸರು ಮಲ್ಲಯ್ಯನ ಹೆಸರು ಕೂಗುತ್ತ ದಿನ್ನೆ ಹತ್ತಿದರು. ಹೊತ್ತು ಮುಳುಗುವ ಮೊದಲೇ ಎಲ್ಲ ಗಂಟುಗಳೂ ಶಾಲೆಯ ಬೆಂಚುಗಳ ಮೇಲಿದ್ದವು. ಎರಡು ಮನೆಯ ಹಾಸು ತೊಯ್ದು ಹೋದವು, ಅದರ ಸಂಕಟ ನನಗೆ ಇವತ್ತಿಗೂ ಇದೆ. ತಾಡೋಲೆ ಒಂದೂ ನೆನೆಯಲಿಲ್ಲ. ಆಯಿಯ ಕಾಲು ಹಿಡಿದರೆ, "ಬಿಡ, ಮೊದಲ ನೋಯಾಕತ್ತಾವ" ಎಂದು ಗದರಿದಳು.

ಈಗ ಪ್ರತಿ ಯುಗಾದಿಗೆ ಕಂಬಿ ಹೊರಡುವ ಮುನ್ನ ನಮ್ಮೂರಲ್ಲಿ ಗಂಟುಗಳೆಲ್ಲ ತಾಲೀಮಿಗೆಂದು ಒಮ್ಮೆ ದಿನ್ನೆ ಹತ್ತಿ ಇಳಿಯುತ್ತವೆ. ನೀರು ಬಂದರೆ ಹೆಂಗಸರು ಮಗ್ಗದ ಹಾಸಿನ ಕಡೆಗೆ, ಗಂಡಸರು ಗುಡಿಯ ಕಡೆಗೆ ಎಂದು ಗೊತ್ತಾಗಿದೆ.

ನೀರು ಇಳಿದ ಮೇಲೆ ಎಲ್ಲರೂ ತಮ್ಮ ತಮ್ಮ ಗಂಟು ವಾಪಸು ಕೇಳುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಯಾರೂ ಕೇಳಲಿಲ್ಲ. ಬದಲಿಗೆ ಕಾಶವ್ವ ಆಯಿ ಸೆರಗಿನಲ್ಲಿ ತನ್ನ ಗಂಟು ಮುಚ್ಚಿಕೊಂಡು ಬಂದಳು.

"ನೀ ಅಂತೂ ಬರೇ ಅಳತಿ. ಆದರ ಓಣಿ ಹೆಗಲ ಕೊಡತೈತಿ ಅಂತ ಖಾತ್ರಿ ಆತು. ಇಟ್ಕೊ. ವಿಭೂತಿ ಹಚ್ಚಾಕ ನಾ ದಿನಾ ಬರತೇನಿ."

ಕೈಲಾದಷ್ಟು ದಿನ ಬಂದಳು. ಈಗ ಆಯಿ ಇಲ್ಲ, ವಿಭೂತಿ ನಾನು ಹಚ್ಚುತ್ತೇನೆ. ನೀರು ನಿಲ್ಲಿಸೆಂದು ಬೇಡಿದವಳಿಗೆ ಆ ಮುದುಕಿಯನ್ನು ಕಳಿಸಿದ ಮಲ್ಲಯ್ಯನಿಗೆ ಹೇಗೆ ಕೈಮುಗಿದರೂ ಸಾಲದು. ಈ ಯುಗಾದಿಗೆ ನಾನೂ ಶ್ರೀಶೈಲಕ್ಕೆ ಹೊರಟಿದ್ದೇನೆ. "ಕಂಬಿಗೆ ಮೊದಲ ಹೆಗಲ ನಿಮ್ಮದೇ ಅಕ್ಕಾರ" ಎಂದು ತಮ್ಮಣ್ಣ ಹೇಳಿದ್ದಾನೆ.