ಗುರುತಿಲ್ಲದ ಬೇವು

ಅವರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಉಳಿದ ಮೂರರಲ್ಲೇ ಸುತ್ತಿಗೆ ಹಿಡಿದು, ಕಡಿಯಬೇಕಾದ ಮರಕ್ಕೆ ಎದೆಯ ಎತ್ತರದಲ್ಲೊಂದು, ಬುಡಕ್ಕೊಂದು ಸರಕಾರಿ ಗುರುತು ಹೊಡೆಯುತ್ತಿದ್ದರು. ಆ ಬೆರಳು ಮುರಿದವನು ನಾನೇ.

ನಮ್ಮದು ಸೊಲ್ಲಾಪುರ ರಸ್ತೆಯಲ್ಲಿ ಸಾಮಿಲ್. ಬಿಜ್ಜರಗಿ ಕಡೆಯ ಸರಕಾರಿ ಅಡವಿಯಲ್ಲಿ ಮರ ಕಡಿಯುವ ಗುತ್ತಿಗೆ ನನಗೆ ಸಿಕ್ಕಾಗ ಅಲ್ಲಿ ಅವರೇ ಅರಣ್ಯ ಇಲಾಖೆಯ ಗಾರ್ಡ್. ಕಡಿಯುವುದಕ್ಕೆ ಅವರ ತಕರಾರೇ ಇರಲಿಲ್ಲ. "ಬಾಗಲಾ ಕಿಡಕಿ ಇಲ್ದ ಮನಿ ಹ್ಯಾಂಗ ಆಗತೈತಿ? ನಾ ಹೊಡದದ್ದು ಕಡಿ, ಹೊಡೀದದ್ದು ಬಿಡು. ಅದು ಬೀಜದ ಗಿಡ," ಎನ್ನುತ್ತಿದ್ದರು. ಮೇಲಿನ ಗುರುತು ದಿಮ್ಮಿಯ ಜೊತೆ ಹೋದರೆ ಕೆಳಗಿನದು ಬೊಡ್ಡೆಯಲ್ಲಿ ಉಳಿಯುತ್ತದೆ. ಪ್ರತಿ ಬೊಡ್ಡೆಯ ಮುಂದೆ ಕುಕ್ಕುರಗಾಲಲ್ಲಿ ಕುಳಿತು, ಮಣ್ಣು ಸರಿಸಿ ಪರೀಕ್ಷಿಸುವರು. ಕನ್ಯಾ ನೋಡಲು ಬಂದ ಬೀಗರ ಹಾಗೆ ಎಂದು ನಾವು ನಗುತ್ತಿದ್ದೆವು.

ಅಲ್ಲೊಂದು ಗುರುತಿಲ್ಲದ ಬೇವಿತ್ತು, ಇಬ್ಬರು ತಬ್ಬಿದರೂ ಸಿಗದ್ದು. ನನ್ನ ಕಣ್ಣು ಅದರ ಮೇಲೇ. ಅವರು ಸಾರವಾಡಕ್ಕೆ ಮದುವೆಗೆ ಹೋದ ದಿನ ಕಡಿಸಿದೆ. ಬೊಡ್ಡೆ ಉಳಿದರೆ ತಾನೇ ಗುರುತಿನ ಮಾತು? ಅದನ್ನೂ ಕೀಳಲು ಜೆಸಿಬಿ ತರಿಸಿದೆ. ಸುದ್ದಿ ಮುಟ್ಟಿ, ಅಕ್ಕಿಕಾಳು ತಲೆಯಲ್ಲಿರುವಂತೆಯೇ ಓಡಿಬಂದವರು ಜೆಸಿಬಿ ತೋಡಿದ ಕುಣಿಗಿಳಿದು ಬೊಡ್ಡೆಯನ್ನು ತಬ್ಬಿಕೊಂಡರು.

"ಏಳ್ರಿ ಗಾರ್ಡ್ರ, ಇಲ್ಲಾಂದ್ರ ಕೈ ಕಡೀತೇನಿ," ಎಂದೆ.

"ಅದಕ್ಕೂ ನಾ ಗುರುತ ಹೊಡದಿಲ್ಲಲೇ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಕೊಡಲಿಯ ಹಿಂಬದಿಯಿಂದ ಅವರ ಬಲಗೈಗೆ ಬಾರಿಸಿದೆ, ಒಂದಲ್ಲ, ಮೂರು ಸಲ. ಎಲುಬು ಮುರಿದ ಸದ್ದು ಜೆಸಿಬಿಯ ಗದ್ದಲದಲ್ಲೂ ಕೇಳಿಸಿತು. ಬೊಡ್ಡೆಯೆಲ್ಲ ರಕ್ತ. ನನ್ನ ಆಳುಗಳೇ ನನ್ನನ್ನು ಕೆಡವಿ, ಒದ್ದು, ಕೊಡಲಿ ಕಸಿದುಕೊಂಡರು. ಅವರು ಮಾತ್ರ ತಬ್ಬಿದ್ದು ಬಿಡಲಿಲ್ಲ.

ದವಾಖಾನೆಯಲ್ಲಿ ಕುಳಿತು ಎಡಗೈಯಿಂದ ವರದಿ ಬರೆದರು. ಮರದ್ದು ಒಂದಕ್ಷರ ಬಿಡಲಿಲ್ಲ. ನನ್ನ ಗುತ್ತಿಗೆ ಹೋಯಿತು, ಕೋರ್ಟು ಅಲೆದೆ. ಬೆರಳಿನ ಬಗ್ಗೆ ಮಾತ್ರ, ಕುಣಿಯಲ್ಲಿ ಬಿದ್ದೆ ಎಂದು ಪೊಲೀಸರಿಗೆ ಹೇಳಿದ್ದರು. ಯಾಕೆಂದು ಕೇಳಲು ನಾಚಿಕೆ ಬಿಟ್ಟು ಅವರ ಮನೆಗೆ ಹೋದೆ.

"ಬೇವು ಎಲ್ಲಾರದು. ಅದನ್ನ ಮಾಫ್ ಮಾಡಾಕ ನಾ ಯಾರು? ಬೆರಳ ನನ್ನವು," ಎಂದರು. ಚಹಾ ಕುಡಿಸಿ ಕಳಿಸಿದರು. ಅಂದಿನಿಂದ ಗುರುತಿಲ್ಲದ ಒಂದು ದಿಮ್ಮಿಯೂ ನಮ್ಮ ಗರಗಸ ಮುಟ್ಟಿಲ್ಲ.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಚಿತೆಗೆ ಕಟ್ಟಿಗೆ ನಾನೇ ಒಯ್ದೆ. ಟ್ರ್ಯಾಕ್ಟರಿನಿಂದ ಇಳಿಸುವಾಗ ಒಂದೊಂದು ತುಂಡನ್ನೂ ತಿರುವಿ ನೋಡಿ, ಗುರುತು ಕಾಣದ್ದನ್ನು ಬದಿಗಿಟ್ಟೆ.

"ಸುಡಾಕೂ ಗುರುತು ಬೇಕೇನೋ ತಮ್ಮಾ?" ಎಂದರು ಅವರ ಅಣ್ಣ.

"ಇವರಿಗೆ ಬೇಕ್ರಿ," ಎಂದೆ. ಅವರ ಆ ಎರಡು ಬೆರಳು ಹಿಡಿದುಕೊಂಡು ಅತ್ತೆ.