ಕಾಟಯ್ಯನ ಪಟ್ಟಿಯ ಮೇಲೆ ಉಗ್ರಪ್ಪನ ತಂತಿ

ಕಾಟಯ್ಯ ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ. ಪಕ್ಕದ ಮನೆಯ ಎಮ್ಮೆ ಅರ್ಧ ಸೇರು ಹೆಚ್ಚು ಕರೆದರೂ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಿರಿಯೂರಿಗೆಲ್ಲ ಇದು ಗೊತ್ತಿತ್ತು. ಅವನ ಹೆಂಡತಿ ಓಬಕ್ಕನಿಗೆ ಊರಿಗಿಂತ ಚೆನ್ನಾಗಿ ಗೊತ್ತಿತ್ತು.

ಊರಿಗೆ ಕರೆಂಟು ಬಂದಾಗಿನಿಂದ ವೈರಿಂಗ್ ಎಂದರೆ ಕಾಟಯ್ಯ. ಗೋಡೆಗೆ ಮರದ ಪಟ್ಟಿ ಬಡಿಯುವ ಮೊದಲು ನೀಲಿಯಲ್ಲಿ ಅದ್ದಿದ ದಾರ ಹಿಡಿದು ಗೆರೆ ಹೊಡೆಯುತ್ತಿದ್ದ. ಗೋಡೆ ಸೊಟ್ಟಗಿದ್ದರೂ ಪಟ್ಟಿ ಸೊಟ್ಟಗಾಗುತ್ತಿರಲಿಲ್ಲ. ತಂತಿ ಹಿಡಿದಿಡುವ ತಗಡಿನ ಕ್ಲಿಪ್ಪುಗಳ ನಡುವೆ ನಾಲ್ಕು ಬೆರಳು, ಕೂದಲೆಳೆಯ ವ್ಯತ್ಯಾಸವಿಲ್ಲ. ನೋಡಿದವರು ಯಾರನ್ನೂ ಕೇಳದೆ ಇದು ಕಾಟಯ್ಯನ ಕೈ ಎನ್ನುತ್ತಿದ್ದರು.

ಎಪ್ಪತ್ತಾರನೆಯ ಇಸವಿಯಲ್ಲಿ ಹತ್ತಿ ಮಂಡಿಯ ರಂಗಯ್ಯ ಆಫೀಸಿಗೆ ಇಂಟರ್‌ಕಾಮ್ ಹಾಕಿಸಲು ಹೊರಟ. ಹಿತ್ತಲಿನ ಗೋದಾಮಿಗೆ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ತನ್ನ ಕೋಣೆಗೊಂದು, ತೂಕದ ಕಟ್ಟೆಗೊಂದು, ಗೋದಾಮಿಗೊಂದು ಫೋನು, ನಡುವೆ ತಂತಿ. ಕೆಲಸ ಸಿಕ್ಕಿದ್ದು ಆದಿವಾಲದ ಉಗ್ರಪ್ಪನಿಗೆ. ಅವನು ಮಿಲಿಟರಿಯಲ್ಲಿ ಎಂಟು ವರ್ಷ ಫೋನಿನ ತಂತಿ ಎಳೆದು ಬಂದವನು.

"ಮಂಡಿಗೆ ಲೈಟು ಹಾಕ್ದೋನು ನಾನು. ಫೋನಿಗೆ ಅವ್ನು ಬೇಕಾತಾ?" ಎಂದು ಕಾಟಯ್ಯ ಮುದ್ದೆಯ ತಟ್ಟೆ ಸರಿಸಿದ.

"ಹೋಗಿ ರಂಗಯ್ಯನ್ನೇ ಕೇಳ್ರಿ. ಮುದ್ದೆ ಮ್ಯಾಲೆ ಯಾಕೆ ಸಿಟ್ಟು?" ಎಂದಳು ಓಬಕ್ಕ.

ಅವನು ಕೇಳಲು ಹೋಗಲಿಲ್ಲ, ನೋಡಲು ಹೋದ. ತೂಕದ ಕಟ್ಟೆಯ ಗೋಡೆಯ ಮೇಲೆ ಉಗ್ರಪ್ಪನ ಕ್ಲಿಪ್ಪುಗಳು ಒಂದು ಮೇಲೆ, ಒಂದು ಕೆಳಗೆ ಕೂತಿದ್ದವು.

"ಏನಪ್ಪ ಮಿಲಿಟ್ರಿ, ಕ್ಲಿಪ್ಪು ಹೊಡ್ದಿದೀಯೋ, ಕೋಳಿ ಕೆರ್ದೈತೋ?"

ಉಗ್ರಪ್ಪ ನಕ್ಕುಬಿಟ್ಟ. "ಬರ್ರಿ ಕಾಟಣ್ಣ. ಬಯಲಾಗೆ ನೆಲದ ಮ್ಯಾಲೆ ಎಳ್ದ ಕೈ ಇದು. ಗೋಡೆ ಮಾತು ಕೇಳಲ್ಲ."

ಬೈದವನ ಎದುರು ನಗುವವರನ್ನು ಕಂಡರೆ ಕಾಟಯ್ಯನಿಗೆ ಇನ್ನಷ್ಟು ಉರಿ.

ಗುರುವಾರ ಫೋನು ಎತ್ತಿ ನೋಡಿದರೆ ಮಾತೇ ಇಲ್ಲ, ಬರೀ ಗುಂಯ್ ಎಂಬ ಸದ್ದು. ರಂಗಯ್ಯ ರೇಗಿದ. ಶುಕ್ರವಾರದ ಪೂಜೆಗೆ ಅವನು ಬೇರೆ ಮೂರು ಮಂಡಿಯವರನ್ನು ಕರೆದಿದ್ದ. ಚೆನ್ನಾಗಿದ್ದರೆ ಅವರೂ ಹಾಕಿಸುವವರಿದ್ದರು. "ನಾಳೆ ಪೂಜೆ ಹೊತ್ತಿಗೆ ಮಾತು ಕೇಳ್ಬೇಕು. ಇಲ್ಲಾಂದ್ರೆ ಕಿತ್ಕಂಡು ಹೋಗು, ಈ ಊರಾಗೆ ನಿನಗೆ ಕೆಲ್ಸ ಇಲ್ಲ," ಎಂದ.

ಅಂದೂ ನೋಡಲು ಬಂದಿದ್ದ ಕಾಟಯ್ಯ ಬಾಗಿಲಲ್ಲೇ ನಿಂತು ರಂಗಯ್ಯನ ಕೋಣೆಯ ಗೋಡೆ ನೋಡಿದ. ಅಲ್ಲಿ ಉಗ್ರಪ್ಪ ತನ್ನ ತಂತಿಯನ್ನು ಕಾಟಯ್ಯನ ಪಟ್ಟಿಯ ಮೇಲೆಯೇ, ಕರೆಂಟಿನ ತಂತಿಗೆ ಅಂಟಿಸಿದಂತೆ ಆರು ಮಾರು ಎಳೆದಿದ್ದ. ಗುಂಯ್ ಎನ್ನುವುದು ಪಕ್ಕದ ಕರೆಂಟಿನ ತಂತಿಯಿಂದ ಎಂದು ಕಾಟಯ್ಯನಿಗೆ ತಕ್ಷಣ ತಿಳಿಯಿತು. ಹಿಂದೊಮ್ಮೆ ಟೆಂಟ್ ಟಾಕೀಸಿನಲ್ಲಿ ಸ್ಪೀಕರಿನ ತಂತಿಯನ್ನು ಅವನೂ ಹೀಗೆಯೇ ಎಳೆದಿದ್ದ. ಆಟ ಮುಗಿಯುವವರೆಗೂ ಗುಂಯ್ ಎಂದು, ಜನ ಬೆಂಚು ಮುರಿದಿದ್ದರು. ಅವನು ತಪ್ಪನ್ನು ಮಷಿನ್ನಿನ ಮೇಲೆ ಹೊರಿಸಿ ಪಾರಾಗಿದ್ದ. ಬಯಲಲ್ಲಿ ಕರೆಂಟಿನ ತಂತಿಯೇ ಕಾಣದ ಉಗ್ರಪ್ಪನಿಗೆ ಇದು ಹೇಗೆ ಗೊತ್ತಿರಬೇಕು?

ಆ ದಿನ ಕಾಟಯ್ಯ ಎರಡನೆಯ ಮುದ್ದೆ ಹಾಕಿಸಿಕೊಂಡ.

ಓಬಕ್ಕ ಅವನ ಮುಖ ನೋಡಿದಳು. "ಯಾರ ಮನೆ ಹಾಳಾತು?"

ಅವನು ಎಲ್ಲ ಹೇಳಿದ.

"ಅವನಿಗೆ ಹೇಳಿ ಬಂದ್ರಾ?"

"ನಾನ್ಯಾಕೆ ಹೇಳ್ಲಿ? ನನ್ನ ಪಟ್ಟಿ ಹತ್ತು ಅಂತ ಯಾರು ಹೇಳಿದ್ರು ಅವನಿಗೆ?"

ಶುಕ್ರವಾರ ಬೆಳಿಗ್ಗೆಯೇ ಮಂಡಿಗೆ ಹೋದ. ಹೋದದ್ದು ತಮಾಷೆ ನೋಡುವುದಕ್ಕೆ. ಉಗ್ರಪ್ಪ ಫೋನನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಕಣ್ಣುಗಳು ಕೆಂಪಾಗಿದ್ದವು.

"ನನ್ನ ಪಟ್ಟಿ ಮ್ಯಾಲೆ ಯಾಕಪ್ಪ ಹತ್ತಿದಿ? ಬೇರೆ ಜಾಗ ಇರ್ಲಿಲ್ವಾ?"

"ಕೇಳ್ಬೇಕಿತ್ತು, ತಪ್ಪಾತು ಕಾಟಣ್ಣ. ಸಾವ್ಕಾರ್ರು ಕುಂತ್ಕಳೋ ಕೋಣೆ. ನನ್ನ ಕೈಯಾಗೆ ಅಷ್ಟು ನೆಟ್ಟಗೆ ಬರಲ್ಲ. ನಿಮ್ಮ ಗೆರೆ ಮ್ಯಾಲೆ ಹೋದ್ರೆ ಚಂದ ಕಾಣ್ತೈತಲ್ಲ ಅಂದ್ಕಂಡೆ." ಅವನು ಎದ್ದ. "ಸೆಲ್ಲು ವೀಕಾಗಿರ್ಬೇಕು. ಪ್ಯಾಟೆಯಾಗೆ ಹೊಸಾವು ತರ್ತೀನಿ, ಕುಂತಿರ್ರಿ," ಎಂದು ಹೊರಟ.

ಕಾಟಯ್ಯನ ಮನಸ್ಸು ಕರಗಿತೆಂದು ತಿಳಿಯಬಾರದು. "ಗೆರೆ ಕದ್ದು ಹೊಗಳ್ತಾನೆ ಕಳ್ಳ," ಎಂದು ಗೊಣಗಿದ. ಹೊರಗೆ ಎಲ್ಲರೂ ತಕ್ಕಡಿಗೆ ಹೂ ಕಟ್ಟುವುದರಲ್ಲಿದ್ದರು.

ಕಾಟಯ್ಯ ಮೇನ್ ಸ್ವಿಚ್ಚು ಆಫ್ ಮಾಡಿ ಸ್ಟೂಲು ಹತ್ತಿದ. ಫೋನಿನ ತಂತಿಯನ್ನು ಪಟ್ಟಿಯಿಂದ ಬಿಡಿಸಿ, ಒಂದೂವರೆ ಗೇಣು ಕೆಳಗೆ ಬರಿಗೋಡೆಯ ಮೇಲೆ ಇಳಿಸಿದ. ಕೈ ತಾನಾಗಿ ಜೇಬಿನಿಂದ ನೀಲಿ ದಾರ ತೆಗೆಯಿತು. ಅದನ್ನು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ. ಒಂದು ಕ್ಲಿಪ್ಪು ಮೇಲೆ, ಒಂದು ಕೆಳಗೆ, ಕೋಳಿ ಕೆರೆದಂತೆ ಆರು ಮಾರನ್ನೂ ಹೊಡೆದ.

ಕೊನೆಯಲ್ಲಿ ಮೂರು ಕ್ಲಿಪ್ಪು ಅಭ್ಯಾಸಬಲದಿಂದ ಸಾಲಾಗಿ ಕೂತಿದ್ದವು. ಇಳಿದವನು ಮತ್ತೆ ಸ್ಟೂಲು ಹತ್ತಿ, ನಡುವಿನದನ್ನು ಕಿತ್ತು, ಸೊಟ್ಟಗೆ ಹೊಡೆದ.